ನೀರಿಗೂ ಹೆಪ್ಪು ಹಾಕಬೇಕು

ಮಗಳ ಎಂಟನೇ ಹುಟ್ಟುಹಬ್ಬಕ್ಕೆ ತಂದ ಆರು ಗೋಲ್ಡ್‌ಫಿಶ್‌ಗಳಲ್ಲಿ ಕೊನೆಯದು ಹನ್ನೊಂದನೇ ದಿನ ಸತ್ತಿತು. ಅವತ್ತು ಮಂಗಳವಾರ. ಬಾಲ್ಕನಿಯ ದಾಸವಾಳದ ಕುಂಡದಲ್ಲಿ ಆಗಲೇ ಐದು ಮೀನು ಹೂತಿದ್ದೆವು. ಆರನೆಯದಕ್ಕೆ ಜಾಗ ಮಾಡೋಕೆ ಮಗಳೇ ಚಮಚದಲ್ಲಿ ಮಣ್ಣು ಕೆದಕಿದಳು. ಅಳಲಿಲ್ಲ. ಮೊದಲ ಎರಡಕ್ಕೆ ಬಿಕ್ಕಿ ಬಿಕ್ಕಿ ಅತ್ತಿದ್ದವಳಿಗೆ ಅಷ್ಟರಲ್ಲಿ ಅಭ್ಯಾಸ ಆಗಿಬಿಟ್ಟಿತ್ತು. ನನಗೆ ಜಾಸ್ತಿ ಸಂಕಟ ಆಗಿದ್ದು ಅದಕ್ಕೇ.

ಆ ಮೀನುಗಳಿಗೆ ಯಾವ ರೋಗವೂ ಇರಲಿಲ್ಲ. ಅವನ್ನು ಚೆನ್ನಾಗಿ ನೋಡಿಕೊಳ್ಳಬೇಕು ಅಂತ ನಾವು ಮಾಡಿದ ಒಂದೊಂದು ಕೆಲಸವೂ ಅವುಗಳ ಆಯಸ್ಸು ಕಡಿಮೆ ಮಾಡಿತು. ಹೊಸದಾಗಿ ಅಕ್ವೇರಿಯಂ ತರುವ ಎಷ್ಟೋ ಮನೆಗಳಲ್ಲಿ ಆಗೋದು ಇದೇ. "ನಮ್ಮ ಮನೆಗೆ ಮೀನು ಆಗಿಬರಲ್ಲ" ಅಂತ ಹೇಳಿ ಟ್ಯಾಂಕನ್ನು ಅಟ್ಟಕ್ಕೆ ಸೇರಿಸುತ್ತಾರೆ. ಹಾಗೆ ಅಟ್ಟ ಸೇರಿದ ಗಾಜಿನ ಪೆಟ್ಟಿಗೆಗಳನ್ನು ನೆಂಟರ ಮನೆಗಳಲ್ಲಿ ನಾನೇ ಮೂರು ನೋಡಿದ್ದೇನೆ. ನಮ್ಮದೂ ನಾಲ್ಕನೆಯದು ಆಗೋದರಲ್ಲಿತ್ತು.

ನಾವು ಅಂಗಡಿಗೆ ಹೋಗಿದ್ದು ಒಂದು ಶನಿವಾರ ಸಂಜೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ಆರಿಸಿದೆವು. ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್. ಕಲ್ಲು ಹಾಕಿ, ಮೇಲೆ ನಾಲ್ಕು ಬೆರಳು ಬಿಟ್ಟರೆ 45 ಲೀಟರ್ ಹಿಡಿಯಬಹುದು. ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಫಿಲ್ಟರ್, ಕೆಂಪು ಹಸಿರು ಕಾಳಿನ ಫುಡ್ ಡಬ್ಬಿ, ಒಂದು ಸಣ್ಣ ಬಾಟಲಿ ಆಂಟಿ ಕ್ಲೋರಿನ್, ಇನ್ನೊಂದು ಬಾಟಲಿಯಲ್ಲಿ ನೀಲಿ ಔಷಧಿ. "ನೀರು ತುಂಬಿಸಿ ನಾಲ್ಕು ಹನಿ ಹಾಕಿ ಸಾರ್, ಅರ್ಧ ಗಂಟೆ ಬಿಟ್ಟು ಮೀನು ಬಿಡಿ" ಅಂದ ಅಂಗಡಿಯ ಹುಡುಗ. ಅವನಿಗೆ ಯಾರು ಏನು ಹೇಳಿಕೊಟ್ಟಿದ್ದರೋ ಅದನ್ನೇ ಅವನೂ ಹೇಳಿದ. ರಾತ್ರಿ ಒಂಬತ್ತಕ್ಕೆ ಲೈಟ್ ಹಾಕಿದಾಗ ಕನ್ನಡಿಯಂಥ ನೀರಿನಲ್ಲಿ ಕಿತ್ತಳೆ ಬಣ್ಣದ ಆರು ಮೀನು ಬಾಲ ಬೀಸಿಕೊಂಡು ಓಡಾಡುತ್ತಿದ್ದವು. ಟಿವಿ ಆರಿಸಿ ಎಲ್ಲರೂ ಅದರ ಮುಂದೆ ಕೂತೆವು.

ಸೋಮವಾರ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಕೊಳೆ ಅಂದುಕೊಂಡೆ. ಮಂಗಳವಾರ ಸಂಜೆ ಆಫೀಸಿನಿಂದ ಬಂದವನೇ ಟ್ಯಾಂಕ್ ಪೂರ್ತಿ ಖಾಲಿ ಮಾಡಿದೆ. ಬಚ್ಚಲಲ್ಲಿ ಕೂತು ಕಲ್ಲನ್ನು ಅಕ್ಕಿಯ ಹಾಗೆ ಮೂರು ಸಲ ಗಾಲಿಸಿದೆ, ಗಾಜು ಉಜ್ಜಿದೆ, ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ನೀರು ತಿಳಿಯಾಗೋವರೆಗೂ ಹಿಂಡಿ ಹಿಂಡಿ ತೊಳೆದೆ. ಹೊಸ ನೀರು ತುಂಬಿದೆ. ಮತ್ತೆ ಕನ್ನಡಿಯ ಹಾಗಾಯಿತು.

ಬುಧವಾರ ಮೀನುಗಳೆಲ್ಲ ಮೇಲೆ ಬಂದು ನಿಂತಿದ್ದವು. ಬಾಯನ್ನು ನೀರಿನ ಮಟ್ಟಕ್ಕೆ ತಂದು ತೆರೆಯೋದು, ಮುಚ್ಚೋದು. ಮನೆ ಸದ್ದಿಲ್ಲದೆ ಇದ್ದಾಗ ಪುಚ್ ಪುಚ್ ಅಂತ ಕೇಳಿಸುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಕಿವಿರಿನ ಮುಚ್ಚಳ ಪೂರ್ತಿ ಮೇಲೆದ್ದು, ಒಳಗಿನ ಅಂಚು ಕುಂಕುಮದ ಹಾಗೆ ಕೆಂಪಗಾಗಿತ್ತು. "ಹಸಿವು ಅಪ್ಪಾ ಅವಕ್ಕೆ, ಬಾಯಿ ಬಾಯಿ ಬಿಡ್ತಿವೆ" ಅಂದಳು ಮಗಳು. ಇನ್ನೊಂದು ಚಿಟಿಕೆ ಫುಡ್ ಹಾಕಿದೆವು. ಗುರುವಾರ ಬೆಳಿಗ್ಗೆ ಮೊದಲನೆಯದು ಹೋಯಿತು. ಶುಕ್ರವಾರ ನೀಲಿ ಔಷಧಿ ಹಾಕಿದೆ. ಇಡೀ ಟ್ಯಾಂಕ್ ಶಾಯಿಯ ದೌತಿಯ ಹಾಗಾಯಿತು. ಭಾನುವಾರ ಮತ್ತೆ ಎಲ್ಲಾ ಖಾಲಿ ಮಾಡಿ ತೊಳೆದೆ. ಗಾಜಿನ ಮೂಲೆಗಳ ಸಿಲಿಕೋನ್ ಅಂಟಿನಲ್ಲಿ ಆ ನೀಲಿ ಇವತ್ತಿಗೂ ಇದೆ.

ಆರನೆಯದನ್ನು ಹೂತ ರಾತ್ರಿ ಅಮ್ಮ ಒಂದು ಮಾತು ಕೇಳಿದಳು. ಅಮ್ಮನ ಊರು ಅರಸೀಕೆರೆ ಕಡೆ. ತೋಟದಲ್ಲಿ ಕಲ್ಲು ಕಟ್ಟಿದ ಬಾವಿ ಇತ್ತು. ಮಲೇರಿಯಾ ಜ್ವರದ ಕಾಲದಲ್ಲಿ ಆರೋಗ್ಯ ಇಲಾಖೆಯವರು ಬಂದು, ಸೊಳ್ಳೆ ಮರಿ ತಿನ್ನಲಿ ಅಂತ ಅದಕ್ಕೆ ಗಪ್ಪಿ ಮೀನು ಬಿಟ್ಟು ಹೋಗಿದ್ದರು. ಅವರ ಭಾಷೆಯಲ್ಲಿ ಲಾರ್ವಾಹಾರಿ ಮೀನು. (ಗಪ್ಪಿ ನಮ್ಮ ಕಡೆಯದಲ್ಲ, ದಕ್ಷಿಣ ಅಮೆರಿಕದ್ದು. ಸೊಳ್ಳೆ ಕಾಟಕ್ಕೆ ಅಂತ ನೂರು ವರ್ಷಕ್ಕೂ ಹಿಂದೆಯೇ ಅದನ್ನು ಈ ದೇಶಕ್ಕೆ ತಂದಿದ್ದರು.) "ಆ ಮೀನಿಗೆ ಯಾರೂ ಊಟ ಹಾಕ್ಲಿಲ್ಲ, ಬಾವಿ ತೊಳೀಲಿಲ್ಲ, ಔಷಧಿ ಹಾಕ್ಲಿಲ್ಲ. ವರ್ಷಗಟ್ಟಲೆ ಇದ್ವು, ಮರಿ ಮೇಲೆ ಮರಿ ಹಾಕಿದ್ವು. ಇಲ್ಲಿ ಇಷ್ಟೆಲ್ಲಾ ಮಾಡಿದ್ರೂ ಯಾಕೋ ಸತ್ವು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು ಎರಡು ಮಹಡಿ ಮೇಲಿನ ಮನೆಯ ಆಂಟಿಯಿಂದ. ಅವರ ಮನೆಯಲ್ಲಿ ಹದಿನೈದು ವರ್ಷದಿಂದ ಒಂದೇ ಟ್ಯಾಂಕ್ ಇದೆ. ಖಾಲಿ ಟ್ಯಾಂಕನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂತ ಅವರನ್ನು ಕೇಳೋಕೆ ಹೋಗಿದ್ದೆ. ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಹೊಸ ಪಾತ್ರೆಗೆ ಹಾಲು ಸುರಿದು ಬೆಳಿಗ್ಗೆ ಮೊಸರು ಆಗಿರ್ಬೇಕು ಅಂದ್ರೆ ಆಗುತ್ತೇನಪ್ಪಾ? ಹೆಪ್ಪು ಬೇಡ್ವಾ?" ಅಂದರು.

ಅವರು ಅಂದದ್ದನ್ನೂ, ಆಮೇಲೆ ನಾನೇ ಹುಡುಕಿ ಓದಿದ್ದನ್ನೂ ಸೇರಿಸಿ ಹೇಳುತ್ತೇನೆ.

ಮೀನು ಉಸಿರಾಡುವ ಕಿವಿರಿನಿಂದಲೇ ಅಮೋನಿಯಾ ಹೊರಗೆ ಬಿಡುತ್ತೆ. ನಮಗೆ ಮೂತ್ರ ಹೇಗೋ ಅದಕ್ಕೆ ಇದು ಹಾಗೆ. ಮೀನಿನ ಹೇಲು, ತಿನ್ನದೆ ಬಿಟ್ಟ ಕಾಳು, ಇವು ಕೊಳೆತರೂ ಅಮೋನಿಯಾನೇ. ನದಿಯಲ್ಲಿ, ಕೆರೆಯಲ್ಲಿ ಅದು ಲೆಕ್ಕಕ್ಕೆ ಬರಲ್ಲ. 45 ಲೀಟರ್ ನೀರಿನಲ್ಲಿ ಮಾತ್ರ ನಾಲ್ಕೇ ದಿನದಲ್ಲಿ ಅದು ವಿಷ. ಕಿವಿರನ್ನೇ ಸುಡುತ್ತೆ, ಸುಟ್ಟ ಕಿವಿರಿಗೆ ನೀರಿನೊಳಗಿನ ಆಮ್ಲಜನಕ ಎಳೆದುಕೊಳ್ಳೋಕೆ ಆಗಲ್ಲ, ಅದಕ್ಕೇ ಮೀನು ಮೇಲೆ ಬಂದು ಬಾಯಿ ಬಿಡೋದು. ನನ್ನ ಮಗಳು ಹಸಿವು ಅಂದುಕೊಂಡಿದ್ದು ಉಸಿರುಕಟ್ಟೋದನ್ನು. ನಾವು ಅದಕ್ಕೆ ಇನ್ನೂ ಒಂದು ಚಿಟಿಕೆ ಫುಡ್ ಹಾಕಿದೆವು, ಅಂದರೆ ಇನ್ನಷ್ಟು ಅಮೋನಿಯಾ.

ಇದರಲ್ಲಿ ನೀರಿನ ಪಾಲೂ ಇದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತೆ, ಒಂದು ಅಷ್ಟಾಗಿ ತೊಂದರೆ ಕೊಡದ್ದು, ಇನ್ನೊಂದು ವಿಷ. 25 ಡಿಗ್ರಿ ಬಿಸಿಯ ನೀರಿನ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಹೇಳೋ ಅಳತೆ) 7 ಇದ್ದರೆ ನೂರಕ್ಕೆ ಒಂದು ಪಾಲೂ ವಿಷದ ರೂಪದಲ್ಲಿರಲ್ಲ. ಪಿಎಚ್ 8 ಆದರೆ ನೂರಕ್ಕೆ ಐದು ಪಾಲು ದಾಟುತ್ತೆ. ಸುಮಾರು ಒಂಬತ್ತು ಪಟ್ಟು. ನಮ್ಮ ಸಂಪಿನಲ್ಲಿ ಬೋರ್ ನೀರು, ಕಾವೇರಿ ನೀರು ಎರಡೂ ಬೆರೆಯುತ್ತೆ, ಬಕೆಟ್ಟಿನ ಅಂಚಿಗೆಲ್ಲ ಬಿಳಿ ಗಟ್ಟಿ ಕಟ್ಟುವಷ್ಟು ಗಡಸು. ಪಿಎಚ್ 8ರ ಹತ್ತಿರ. ಅಂಥ ನೀರಿನಲ್ಲಿ ಸ್ವಲ್ಪ ಅಮೋನಿಯಾ ಸೇರಿದರೂ ಸಾಕು.

ಹಾಗಾದರೆ ಆಂಟಿಯ ಟ್ಯಾಂಕಿನಲ್ಲಿ, ಅಮ್ಮನ ಬಾವಿಯಲ್ಲಿ ಮೀನು ಬದುಕಿದ್ದು ಹೇಗೆ? ಬಾವಿಯಲ್ಲಿ ನೀರು ಜಾಸ್ತಿ, ಮೀನು ಕಡಿಮೆ, ಅದು ಒಂದು. ಇನ್ನೊಂದು, ಆ ಬಾವಿಯ ಕಲ್ಲುಗಳು. ಚಿಕ್ಕವನಿದ್ದಾಗ ಅದರ ಮೆಟ್ಟಿಲು ಇಳಿದವನು ನಾನು. ನೀರಿಗೆ ತಾಗಿದ ಮೆಟ್ಟಿಲ ಮೇಲೆ ಕಾಲಿಟ್ಟರೆ ಜಾರುತ್ತಿತ್ತು, ಬೆರಳಿನಿಂದ ಒರೆಸಿದರೆ ಲೋಳೆ ಅಂಟುತ್ತಿತ್ತು. ಆ ಲೋಳೆಯಲ್ಲಿ ಪಾಚಿಯ ಜೊತೆ ಬ್ಯಾಕ್ಟೀರಿಯಾಗಳೂ ಇರುತ್ತವೆ. ಒಂದು ಬಗೆಯದು, ನೈಟ್ರೊಸೊಮೊನಾಸ್ ಅಂತ, ಅಮೋನಿಯಾ ತಿಂದು ನೈಟ್ರೈಟ್ ಮಾಡುತ್ತೆ. ನೈಟ್ರೈಟೂ ವಿಷವೇ, ಮೀನಿನ ರಕ್ತಕ್ಕೆ ಆಮ್ಲಜನಕ ಹೊರೋಕೆ ಬಿಡಲ್ಲ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಆ ನೈಟ್ರೈಟನ್ನು ತಿಂದು ನೈಟ್ರೇಟ್ ಮಾಡುತ್ತೆ. ಈ ನೈಟ್ರೇಟ್ ಜಾಸ್ತಿ ಸೇರಿಕೊಳ್ಳೋವರೆಗೂ ಮೀನಿಗೆ ಅಷ್ಟು ತೊಂದರೆ ಇಲ್ಲ, ಗಿಡಕ್ಕಂತೂ ಊಟ. ಅಕ್ವೇರಿಯಂನಲ್ಲಿ ಈ ಎರಡನೇ ಕೆಲಸ ಮಾಡೋದು ನೈಟ್ರೊಬ್ಯಾಕ್ಟರ್ ಅಂತ ಬಹಳ ಕಾಲ ನಂಬಿದ್ದರು. 1998ರಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಸಿಕ್ಕಿದ್ದು ನೈಟ್ರೊಸ್ಪೈರಾ.

ನನಗೆ ತುಂಬಾ ಹಿಡಿಸಿದ ವಿಷಯ, ಇವನ್ನು ಮೊದಲು ಹಿಡಿದದ್ದು ಮೀನು ಸಾಕುವವರಲ್ಲ. 1890ರ ಸುಮಾರಿಗೆ ಸೆರ್ಗೆ ವಿನೊಗ್ರಾಡ್‌ಸ್ಕಿ ಅನ್ನೋ ವಿಜ್ಞಾನಿ ಜ್ಯೂರಿಕ್‌ನಲ್ಲಿ ಇವನ್ನು ಮಣ್ಣಿನಿಂದ ಬೇರೆ ಮಾಡಿ ತೋರಿಸಿದರು. ಹೊಲಕ್ಕೆ ಹಾಕಿದ ಗೊಬ್ಬರ ಬೆಳೆಗೆ ಸಿಗೋ ಹಾಗೆ ಮಾಡೋದರಲ್ಲಿ ಇವುಗಳ ಕೈಯೂ ಇದೆ. ನಮ್ಮ ತಾತ ತಿಪ್ಪೆ ಗೊಬ್ಬರ ಹಾಕಿ, ಮಳೆ ಬರಲಿ ಅಂತ ಕಾಯುತ್ತಿದ್ದಾಗ ಮಣ್ಣಿನೊಳಗೆ ನಡೆಯುತ್ತಿದ್ದ ಕೆಲಸವೇ ಗಾಜಿನ ಪೆಟ್ಟಿಗೆಯ ಸ್ಪಂಜಿನೊಳಗೂ ನಡೆಯಬೇಕು.

ಆದರೆ ಇವು ಬೆಳೆಯೋದು ಬಹಳ ನಿಧಾನ. ಮಾಮೂಲಿ ಬ್ಯಾಕ್ಟೀರಿಯಾ ಅನುಕೂಲ ಇದ್ದರೆ ಅರ್ಧ ಗಂಟೆಯೊಳಗೆ ಎರಡರಷ್ಟು ಆಗುತ್ತೆ. ಇವಕ್ಕೆ ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಅದಕ್ಕೇ ಹೊಸ ಟ್ಯಾಂಕ್ ಹದಕ್ಕೆ ಬರೋಕೆ ನಾಲ್ಕರಿಂದ ಆರು ವಾರ. ಅವು ನೀರಿನಲ್ಲಿ ತೇಲಿಕೊಂಡಿರೋದು ಕಡಿಮೆ. ಕಲ್ಲು, ಗಾಜು, ಎಲ್ಲಕ್ಕಿಂತ ಹೆಚ್ಚಾಗಿ ಸ್ಪಂಜಿನ ತೂತುಗಳಲ್ಲಿ ಅಂಟಿಕೊಂಡಿರುತ್ತವೆ. ಮಂಗಳವಾರ ನಾನು ನಲ್ಲಿ ಕೆಳಗೆ ಹಿಡಿದು ತೊಳೆದದ್ದು ಅದನ್ನೇ. ಮೂರು ದಿನದಲ್ಲಿ ಅಷ್ಟೋ ಇಷ್ಟೋ ಬಂದು ಕೂತಿದ್ದವು ಕೂಡ ಉಜ್ಜುವ ಕೈಗೆ, ನಲ್ಲಿಯ ಕ್ಲೋರಿನ್‌ಗೆ ಹೋದವು. ಭಾನುವಾರ ಮತ್ತೆ ತೊಳೆದೆ. ನೀಲಿ ಔಷಧಿಯೂ ಅವಕ್ಕೆ ಆಗಲ್ಲ. ನಮ್ಮ ಮನೆಗಳಲ್ಲಿ ಶುದ್ಧ ಅಂದರೆ ತೊಳೆದದ್ದು, ಉಜ್ಜಿದ್ದು, ಫಳ ಫಳ ಹೊಳೆಯೋದು. ಮೀನಿಗೆ ಬೇಕಾದ ಶುದ್ಧಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ. ಟ್ಯಾಂಕನ್ನೂ ಮೀನನ್ನೂ ಒಂದೇ ದಿನ ಮಾರೋದು ತಪ್ಪು ಅಂತ ಈಗ ನನಗೆ ಖಂಡಿತ ಅನಿಸುತ್ತೆ. ಟ್ಯಾಂಕ್ ಕೊಟ್ಟು, "ಒಂದು ತಿಂಗಳು ಬಿಟ್ಟು ಮೀನಿಗೆ ಬನ್ನಿ" ಅಂತ ಹೇಳೋ ಅಂಗಡಿ ಒಂದಿದ್ದರೂ ನಾನು ಅಲ್ಲಿಗೇ ಹೋಗ್ತೀನಿ.

ಮರುದಿನ ಆಂಟಿ ಹೆಪ್ಪು ಕೊಟ್ಟರು. ತಮ್ಮ ಫಿಲ್ಟರಿನ ಹಳೇ ಸ್ಪಂಜನ್ನು ಕತ್ತರಿಯಿಂದ ಎರಡು ಭಾಗ ಮಾಡಿ, ಒಂದನ್ನು ಐಸ್‌ಕ್ರೀಮ್ ಡಬ್ಬಿಯಲ್ಲಿ, ಅವರದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ ಕೊಟ್ಟರು. "ಒಣಗಬಾರ್ದು, ದಾರೀಲಿ ಎಲ್ಲೂ ನಿಲ್ಬೇಡ" ಅಂದರು. ಎರಡು ಮಹಡಿ ಇಳಿಯೋದು ಅಷ್ಟೇ ಇದ್ದರೂ ನಾನು ಓಡಿಕೊಂಡೇ ಬಂದೆ. ಡಬ್ಬಿಯ ಮುಚ್ಚಳ ತೆಗೆದಾಗ ಸ್ಪಂಜು ಹಳೇ ಬೆಲ್ಲದ ಬಣ್ಣಕ್ಕಿತ್ತು. ಸ್ವಲ್ಪ ಒತ್ತಿದರೆ ಕಂದು ಗಸಿ ಇಳಿಯಿತು. ಕೊಳೆತ ವಾಸನೆ ಬರಬಹುದು ಅಂತ ಮೂಗು ಹಿಂದೆ ತೆಗೆದುಕೊಂಡಿದ್ದೆ, ಬಂದದ್ದು ಮೊದಲ ಮಳೆಗೆ ನೆಂದ ಮಣ್ಣಿನ ವಾಸನೆ. ಅಮ್ಮ ಬಗ್ಗಿ ಮೂಸಿ ನೋಡಿ, "ಬಾವಿ ವಾಸನೆ ಕಣೋ ಇದು" ಅಂದಳು.

ಒಂದು ಎಚ್ಚರಿಕೆ ಮಾತ್ರ ಬೇಕು. ಮೀನು ಗಟ್ಟಿಮುಟ್ಟಾಗಿರುವ ಟ್ಯಾಂಕಿನಿಂದಲೇ ಸ್ಪಂಜು ತರಬೇಕು. ಹುಳಿ ಹೆಪ್ಪು ಹಾಕಿದರೆ ಮೊಸರೂ ಹುಳಿಯಾಗುವ ಹಾಗೆ, ರೋಗ ಇರುವ ಕಡೆಯಿಂದ ತಂದರೆ ರೋಗವೂ ಜೊತೆಗೆ ಬರುತ್ತೆ.

ಆಮೇಲೆ ಕಾಯುವ ಕೆಲಸ. ಮೊಸರು ರಾತ್ರಿ ಕಳೆದರೆ ಆಗುತ್ತೆ, ಇದು ಹಾಗಲ್ಲ. ಒಂದು ದಿನ ಬಕೆಟ್ಟಿನಲ್ಲಿ ಇಟ್ಟ ನೀರು ತುಂಬಿ, ಆಂಟಿ ಕ್ಲೋರಿನ್ ಹಾಕಿ, ಆಂಟಿಯ ಸ್ಪಂಜನ್ನು ನಮ್ಮ ಫಿಲ್ಟರಿನ ಒಳಗೆ ಇಟ್ಟು ಹಗಲೂ ರಾತ್ರಿ ಓಡಿಸಿದೆವು. ಮೀನಿಲ್ಲದ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಫುಡ್ ಹಾಕೋದು ಮಗಳ ಕೆಲಸ. ಅದು ಕೊಳೆತು ಅಮೋನಿಯಾ ಆಗಬೇಕು, ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಟೆಸ್ಟ್ ಕಿಟ್ ತರಿಸಿದೆ. ಸಣ್ಣ ಗಾಜಿನ ಕೊಳವೆಗೆ ಟ್ಯಾಂಕಿನ ನೀರು ಹಾಕಿ ಎರಡು ಬಾಟಲಿಯಿಂದ ಹನಿ ಬಿಟ್ಟು ಅಲ್ಲಾಡಿಸಿ ಐದು ನಿಮಿಷ ಇಟ್ಟರೆ ಬಣ್ಣ ಬರುತ್ತೆ. ಹಳದಿ ಇದ್ದರೆ ಅಮೋನಿಯಾ ಇಲ್ಲ. ಹಸಿರು ಜಾಸ್ತಿಯಾದಷ್ಟೂ ಅಮೋನಿಯಾ ಜಾಸ್ತಿ. ನೈಟ್ರೈಟಿಗೆ ಬೇರೆ ಬಾಟಲಿ. ತಿಳಿ ನೀಲಿ ಬಂದರೆ ಒಳ್ಳೆಯದು, ನೇರಳೆ ಬಂದರೆ ವಿಷ.

ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ ಬರೀತಾಳೆ. ಅದೇ ಚೌಕಗಳಲ್ಲಿ ಮಗಳು ಕ್ರೇಯಾನಿನಿಂದ ಆಯಾ ದಿನದ ಬಣ್ಣ ತುಂಬತೊಡಗಿದಳು. ನಾಲ್ಕನೇ ದಿನ ಎಳೇ ಬಾಳೆಲೆಯ ಹಸಿರು. ಎಂಟನೇ ದಿನ ಕರಿಬೇವಿನ ಹಸಿರು. ಹದಿಮೂರನೇ ದಿನ ಹಸಿರು ತಿಳಿಯಾಗಿ ಹಳದಿಗೆ ತಿರುಗಿತು, ಆದರೆ ಪಕ್ಕದ ಕೊಳವೆಯಲ್ಲಿ ನೇರಳೆ ಹಣ್ಣಿನ ಬಣ್ಣ. ಹಾಲಿನವನ ಅರ್ಧ ಲೀಟರ್, ಒಂದು ಲೀಟರ್ ಗುರುತುಗಳ ಪಕ್ಕದಲ್ಲಿ ನೇರಳೆ ಚೌಕಗಳ ಸಾಲು ಒಂದು ವಾರ ನಡೆಯಿತು. ಮನೆಗೆ ಬಂದವರೆಲ್ಲ "ಮೀನೆಲ್ಲಿ?" ಅಂತ ಕೇಳುತ್ತಿದ್ದರು. ಬರೀ ನೀರಿಗೆ ಲೈಟ್ ಹಾಕಿ ಯಾಕೆ ಇಟ್ಟಿದೀರಿ ಅಂತ ಅವರಿಗೆ ಆಶ್ಚರ್ಯ. "ಹೆಪ್ಪು ಹಾಕಿದೀವಿ, ಇನ್ನೂ ಆಗ್ಬೇಕು" ಅನ್ನುತ್ತಿದ್ದಳು ಅಮ್ಮ. ಇಪ್ಪತ್ತಮೂರನೇ ದಿನ ಒಂದು ಕೊಳವೆ ಹಳದಿ, ಇನ್ನೊಂದು ತಿಳಿ ನೀಲಿ. ಮಗಳು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನಂಬಿಕೆ ಬರದೆ ಮರುದಿನ ಮತ್ತೆ ಪರೀಕ್ಷೆ ಮಾಡಿಸಿದಳು.

ಈ ಸಲ ಗೋಲ್ಡ್‌ಫಿಶ್ ತರಲಿಲ್ಲ. ಅದು ಅಂಗೈಗಿಂತ ದೊಡ್ಡದಾಗಿ ಬೆಳೆಯುವ ಮೀನು, ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷ ದಾಟಿ ಬದುಕುತ್ತೆ. ಗಲೀಜೂ ಜಾಸ್ತಿ ಮಾಡುತ್ತೆ. ಎರಡಡಿ ಟ್ಯಾಂಕಿನಲ್ಲಿ ಆರು ಅಂದರೆ ಅವುಗಳ ಮೇಲೆ ಅನ್ಯಾಯ, ಇನ್ನು ಮೇಜಿನ ಮೇಲಿನ ಗಾಜಿನ ಬಟ್ಟಲಿನಲ್ಲಿ ಒಂಟಿ ಗೋಲ್ಡ್‌ಫಿಶ್ ಇಡೋದನ್ನಂತೂ ನನಗೆ ನೋಡೋಕಾಗಲ್ಲ. ನಾವು ತಂದಿದ್ದು ಜೀಬ್ರಾ ಡೇನಿಯೋ. ಕಿರುಬೆರಳಿನಷ್ಟೂ ಉದ್ದ ಇಲ್ಲ, ಮೈಮೇಲೆ ನೀಲಿ ಪಟ್ಟೆ. ನಮ್ಮ ದೇಶದ ಹೊಳೆ, ಹಳ್ಳಗಳ ಮೀನೇ. 1822ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟು ವಿವರಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ನಮ್ಮ ಇತಿಹಾಸ ಓದಿದವರಿಗೆ ಬುಕಾನನ್ ಅಂತ ಗೊತ್ತಿರುವವನೇ ಇವನು. ಟಿಪ್ಪು ಹೋದ ಮೇಲೆ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಎಲ್ಲಾ ಸುತ್ತಿ ಊರೂರಿನ ಬೆಳೆ, ಬೇಸಾಯ ಬರೆದುಕೊಂಡು ಹೋದವನು. ಆಮೇಲೆ ಹೆಸರು ಬದಲಾಯಿಸಿಕೊಂಡು ಗಂಗೆಯ ಮೀನುಗಳ ಬಗ್ಗೆ ಬರೆದ. ಇದನ್ನು ಓದಿದ ದಿನ ನನಗೆ ಆ ಪುಟ್ಟ ಮೀನಿನ ಮೇಲೆ ಪ್ರೀತಿ ಇನ್ನೂ ಜಾಸ್ತಿ ಆಯಿತು.

ಮೊದಲು ಮೂರೇ ತಂದೆವು. ಕವರನ್ನು ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಬಿಟ್ಟು, ನೀರಿನ ಬಿಸಿ ಸಮ ಆದ ಮೇಲೆ ಅರ್ಧ ಲೋಟ ಅರ್ಧ ಲೋಟ ಟ್ಯಾಂಕಿನ ನೀರು ಕವರಿಗೆ ಹಾಕಿ, ಕೊನೆಗೆ ಸಣ್ಣ ಬಲೆಯಲ್ಲಿ ಎತ್ತಿ ಬಿಟ್ಟೆ. ಎರಡು ವಾರ ನೋಡಿಕೊಂಡು ಇನ್ನೂ ಮೂರು. ಒಮ್ಮೆಲೇ ಆರು ಬಿಟ್ಟರೆ ಅಷ್ಟು ಅಮೋನಿಯಾ ತಿನ್ನೋ ಶಕ್ತಿ ಸ್ಪಂಜಿಗೆ ಇನ್ನೂ ಬಂದಿರಲ್ಲ.

ಊಟ ಹಾಕೋದರಲ್ಲಿ ಕೈ ಬಿಗಿ ಹಿಡಿಯೋದು ಎಲ್ಲಕ್ಕಿಂತ ಕಷ್ಟ. ನಮ್ಮಲ್ಲಿ ಪ್ರೀತಿ ಅಂದರೆ ಬಡಿಸೋದು. ಬಂದ ನೆಂಟರು ಬಿಸ್ಕತ್ತಿನ ಪುಡಿ ಹಾಕೋಕೆ ಹೋಗ್ತಾರೆ, ಅಮ್ಮನಿಗೆ ಅನ್ನದ ಅಗುಳು ಹಾಕೋ ಆಸೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದೇ ಸಲ, ವಾರಕ್ಕೊಂದು ದಿನ ಏನೂ ಇಲ್ಲ. ಏಕಾದಶಿ ಅಂತ ಅಮ್ಮ ಅದಕ್ಕೆ ಹೆಸರಿಟ್ಟಳು, ಆಮೇಲೆ ಅವಳಿಗೂ ಒಪ್ಪಿಗೆಯಾಯಿತು.

ಭಾನುವಾರ ಕಾಲು ಭಾಗ ನೀರು ಪೈಪಿನಲ್ಲಿ ಎಳೆದು ತೆಗೀತೀನಿ. ಸ್ಪಂಜು ಕಟ್ಟಿಕೊಂಡಿದ್ದರೆ ಆ ತೆಗೆದ ನೀರಿನಲ್ಲೇ ಮೆಲ್ಲಗೆ ಎರಡು ಸಲ ಅದ್ದಿ ತೆಗೆಯೋದು, ನಲ್ಲಿ ಕೆಳಗೆ ಯಾವತ್ತೂ ಇಲ್ಲ. ಆ ಹಳದಿ ಮಿಶ್ರಿತ ನೀರು ದಾಸವಾಳದ ಕುಂಡಕ್ಕೆ ಹೋಗುತ್ತೆ. ಗಿಡ ಈ ವರ್ಷ ಮೊಗ್ಗಿನ ಮೇಲೆ ಮೊಗ್ಗು ಬಿಟ್ಟಿದೆ. ಕರೆಂಟ್ ಜಾಸ್ತಿ ಹೊತ್ತು ಹೋದರೆ ಸ್ಪಂಜಿನಲ್ಲಿರೋ ಬ್ಯಾಕ್ಟೀರಿಯಾಗಳಿಗೂ ಉಸಿರುಕಟ್ಟುತ್ತೆ, ಅವಕ್ಕೂ ಆಮ್ಲಜನಕ ಬೇಕು. ಅದಕ್ಕೆ ಬ್ಯಾಟರಿ ಏರ್ ಪಂಪ್ ಒಂದು ತಂದಿಟ್ಟಿದ್ದೇನೆ.

ಎರಡನೇ ತಿಂಗಳಲ್ಲಿ ಒಂದು ಡೇನಿಯೋ ರಾತ್ರಿ ಮುಚ್ಚಳದ ಸಂದಿಯಿಂದ ಹಾರಿ ಕೆಳಗೆ ಬಿದ್ದು ಸತ್ತಿತು. ಡೇನಿಯೋ ಹಾರುವ ಮೀನು ಅಂತ ಆಂಟಿ ಮೊದಲೇ ಹೇಳಿದ್ದರು, ಪೈಪಿಗೆ ಅಂತ ಬಿಟ್ಟ ಎರಡು ಬೆರಳು ಜಾಗವನ್ನು ನಾನು ಮುಚ್ಚಿರಲಿಲ್ಲ. ಅವತ್ತು ಮಗಳು ಅತ್ತಳು, ಜೋರಾಗಿ, ಸ್ಕೂಲಿಗೆ ಹೋಗಲ್ಲ ಅನ್ನೋವಷ್ಟು. ಸಮಾಧಾನ ಮಾಡ್ತಾ ಮಾಡ್ತಾ ನನಗೂ ಗಂಟಲು ಕಟ್ಟಿತು. ಉಳಿದ ಐದೂ ಈಗ ಹದಿನಾಲ್ಕನೇ ತಿಂಗಳಲ್ಲಿವೆ.

ಹೋದ ಶುಕ್ರವಾರ ಸಂಜೆ ಎದುರುಮನೆಯ ಹುಡುಗನ ಅಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಸ್ಟೀಲ್ ಡಬ್ಬಿ. "ಸ್ವಲ್ಪ ಹೆಪ್ಪು ಇದ್ರೆ ಕೊಡ್ತೀರಾ?" ಅಂದರು. ಅಮ್ಮ ಅಡುಗೆಮನೆಗೆ ಹೋಗಿ ಮೊಸರಿನ ಪಾತ್ರೆಯ ಮುಚ್ಚಳ ತೆಗೆದು, ಚಮಚ ಹುಡುಕುತ್ತಿದ್ದಳು.

"ಅದಲ್ಲ ಅಜ್ಜೀ, ಮೀನಿಂದು" ಅಂದಳು ಮಗಳು. ಅಷ್ಟರಲ್ಲಿ ಅವಳು ತೋಳು ಮೇಲಕ್ಕೆ ಸರಿಸಿಕೊಂಡು, ಟ್ಯಾಂಕಿನೊಳಗೆ ಮೊಣಕೈವರೆಗೆ ಕೈ ಹಾಕಿ ಸ್ಪಂಜು ತೆಗೆಯುತ್ತಿದ್ದಳು.